ಹಳೆಯ ಆಟ, ಹೊಸ ಕಲಿಕೆ

ಬೇಸಿಗೆಯ ರಜೆ ಬಂದೊಡನೆ ಮಕ್ಕಳನ್ನು ಹೊಸದೊಂದು ಆಟದ ತರಬೇತಿಗೆ ಸೇರಿಸುವ ರೂಢಿ ಈಗ ಊರೂರಲ್ಲಿದೆ. ಮೂರು ನಾಲ್ಕು ವರ್ಷ ಬ್ಯಾಡ್ಮಿಂಟನ್ ಆಡಿ ಪಳಗಿದ ಮಗು ಟೆನಿಸ್ ಅಂಗಳಕ್ಕಿಳಿದಾಗ, ಕೆಲವು ಹೊಡೆತಗಳಲ್ಲಿ ರ‍್ಯಾಕೆಟ್ಟನ್ನೇ ಹಿಡಿದರಿಯದ ಮಗುವಿಗಿಂತಲೂ ಹೆಚ್ಚು ತಡವರಿಸುವುದುಂಟು. ಇಷ್ಟು ವರ್ಷ ಕಲಿತದ್ದೆಲ್ಲ ವ್ಯರ್ಥವಾಯಿತೇ ಎಂದು ತಂದೆತಾಯಂದಿರು ಕೊರಗುತ್ತಾರೆ. ಕೆಲವರು ಮಗುವನ್ನೇ ಗದರಿಸುತ್ತಾರೆ. ಮಗುವಿನಲ್ಲಿ ದೋಷವಿಲ್ಲ. ಮೊದಲಿನದನ್ನು ಅದು ಚೆನ್ನಾಗಿ ಕಲಿತಿರುವುದೇ ಇಲ್ಲಿನ ತೊಡಕು.

ಒಂದು ಕೌಶಲದ ಅಭ್ಯಾಸವು ಮತ್ತೊಂದರ ಕಲಿಕೆಯ ಮೇಲೆ ಬೀರುವ ಪರಿಣಾಮವನ್ನು ಶಿಕ್ಷಣಶಾಸ್ತ್ರದಲ್ಲಿ ಕಲಿಕೆಯ ವರ್ಗಾವಣೆ ಎನ್ನುವರು. ಎರಡು ಕೆಲಸಗಳಲ್ಲಿ ಸಮಾನ ಅಂಶಗಳು ಎಷ್ಟಿವೆಯೋ ಅಷ್ಟರಮಟ್ಟಿಗೆ ಮಾತ್ರ ಒಂದು ಇನ್ನೊಂದಕ್ಕೆ ನೆರವಾಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಅವರು 1901ರಲ್ಲಿ ಪ್ರತಿಪಾದಿಸಿದರು. ಆದರೆ ಹೊರನೋಟದ ಹೋಲಿಕೆಯನ್ನೇ ಸಮಾನ ಅಂಶವೆಂದು ನಾವು ಭ್ರಮಿಸುತ್ತೇವೆ.

ಶಟಲ್‌ನ ತೂಕ ಸುಮಾರು 5 ಗ್ರಾಂ. ಟೆನಿಸ್ ಚೆಂಡಿನದು 56 ಗ್ರಾಂಗಿಂತ ಕಡಿಮೆಯಿಲ್ಲ. ಬ್ಯಾಡ್ಮಿಂಟನ್ ರ‍್ಯಾಕೆಟ್ ಸಾಮಾನ್ಯವಾಗಿ 100 ಗ್ರಾಂ ಒಳಗಿದ್ದರೆ, ವಯಸ್ಕರ ಟೆನಿಸ್ ರ‍್ಯಾಕೆಟ್ 300 ಗ್ರಾಂ ಆಸುಪಾಸಿನಲ್ಲಿರುತ್ತದೆ. ಹಗುರವಾದ ಶಟಲನ್ನು ಮುಂಗೈ ತಿರುಗಿಸಿ, ಮಣಿಕಟ್ಟನ್ನು ಸಡಿಲಬಿಟ್ಟು, ಚಾಟಿ ಬೀಸಿದಂತೆ ಹೊಡೆಯಬೇಕು. ಭಾರವಾದ ಚೆಂಡಿಗೆ ಬೇಕಾದ ಬಲವಾದರೋ ಕಾಲು, ಸೊಂಟ, ಭುಜಗಳಿಂದ ಏರಿ ಬರಬೇಕು. ಚೆಂಡು ತಾಗುವ ಗಳಿಗೆಯಲ್ಲಿ ಮಣಿಕಟ್ಟು ಬಿಗಿಯಾಗಿ ನಿಲ್ಲಬೇಕು. ಶಟಲನ್ನು ನೆಲ ಮುಟ್ಟುವ ಮೊದಲೇ ಹೊಡೆಯಬೇಕು. ಟೆನಿಸ್‌ನಲ್ಲಿ ಚೆಂಡು ಪುಟಿದೇಳುವವರೆಗೆ ಕಾಯುವ ಸಹನೆ ಬೇಕು. ಹೀಗಿರುವಾಗ ಹಳೆಯ ಅಭ್ಯಾಸವು ಕೈಯನ್ನು ತನ್ನತ್ತ ಸೆಳೆಯುವುದು ಸಹಜವೇ.

ಇದು ಆರೋಗ್ಯದ ವಿಷಯವೂ ಹೌದು. ಮಣಿಕಟ್ಟಿನ ಬೀಸಿನಿಂದಲೇ ಭಾರದ ಚೆಂಡನ್ನು ದಿನವೂ ಹೊಡೆಯುತ್ತಿದ್ದರೆ ಮೊಣಕೈಯ ಹೊರಬದಿಯ ಸ್ನಾಯುರಜ್ಜು ನೊಂದು, ‘ಟೆನಿಸ್ ಎಲ್ಬೋ’ ಎಂಬ ಬೇನೆ ಕಾಣಿಸಿಕೊಳ್ಳಬಹುದು. ಇದು ಮಕ್ಕಳಿಗಿಂತ ನಡುವಯಸ್ಸಿನವರಲ್ಲಿ ಹೆಚ್ಚು. ಮಗನೊಡನೆ ಹುರುಪಿನಿಂದ ತಾವೂ ಅಂಗಳಕ್ಕಿಳಿಯುವ ತಂದೆಯರು ಇದನ್ನು ಗಮನಿಸಬೇಕು.

ಹಾಗಾದರೆ ಹಳೆಯ ಆಟದಿಂದ ದಕ್ಕುವುದೇನು? ಎದುರಾಳಿಯ ಭುಜ ನೋಡಿ ಹೊಡೆತದ ದಿಕ್ಕನ್ನು ಊಹಿಸುವ ಕಣ್ಣು, ಚುರುಕಾದ ಹೆಜ್ಜೆ, ತೆರವಾದ ಜಾಗವನ್ನು ಗುರುತಿಸುವ ಬುದ್ಧಿ, ದಮ್ಮು: ಇವು ಬಹುಮಟ್ಟಿಗೆ ಜೊತೆಯಲ್ಲೇ ಬರುತ್ತವೆ. ಆಸ್ಟ್ರೇಲಿಯಾದ ಟೆನಿಸ್ ಆಟಗಾರ್ತಿ ಆಶ್ಲಿ ಬಾರ್ಟಿ, ಕ್ರಿಕೆಟ್‌ನಲ್ಲಿ ಕ್ರಮವಾದ ತರಬೇತಿಯ ಹಿನ್ನೆಲೆಯಿಲ್ಲದಿದ್ದರೂ 2015ರಲ್ಲಿ ಬ್ರಿಸ್ಬೇನ್ ಹೀಟ್ ತಂಡದ ಪರ ಆಡಿದರು. ಬಳಿಕ ಟೆನಿಸ್‌ಗೆ ಮರಳಿ 2019ರಲ್ಲಿ ಫ್ರೆಂಚ್ ಓಪನ್ ಗೆದ್ದರು.

ಹೊಸ ಆಟದ ಮೊದಲ ಕೆಲವು ವಾರ ಎರಡನ್ನೂ ಒಂದೇ ದಿನ ಆಡಿಸದಿರುವುದು ಲೇಸು. ಮೆತ್ತನೆಯ ಚೆಂಡು, ಗಾತ್ರಕ್ಕೊಪ್ಪುವ ರ‍್ಯಾಕೆಟ್ ಕೊಟ್ಟು, ಹೊಡೆತವನ್ನು ನಿಧಾನವಾಗಿ ಮಾಡಿಸಬೇಕು. ಯಾವುದು ಮೊದಲಿನಂತೆಯೇ ಇದೆ, ಯಾವುದು ಬೇರೆ ಎಂಬುದನ್ನು ಮಗುವಿಗೆ ಬಾಯಿಬಿಟ್ಟು ಹೇಳಬೇಕು. ಅನೇಕ ತರಬೇತುದಾರರು ಇದನ್ನೇ ಮರೆಯುತ್ತಾರೆ. ಬ್ಯಾಡ್ಮಿಂಟನ್ನನ್ನು ಶಾಶ್ವತವಾಗಿ ಬಿಡಿಸಬೇಕಾಗಿಲ್ಲ. ಹೊಸ ಚಲನೆ ಕೈಗೆ ಕುದುರಿದ ಮೇಲೆ ಎರಡೂ ಒಟ್ಟಿಗೆ ಸಾಗಬಲ್ಲವು. ಆದರೆ ವಿಶ್ರಾಂತಿ ಕೊಟ್ಟರೂ ಮೊಣಕೈ ಅಥವಾ ಮಣಿಕಟ್ಟಿನ ನೋವು ಇಳಿಯದಿದ್ದರೆ, ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.