ಉದ್ಯಮದ ಸ್ವರೂಪ ಮತ್ತು ಆದಾಯ ತೆರಿಗೆ ರಿಟರ್ನ್

ಮಾಟುಂಗಾದಿಂದ ಮುಲುಂಡಿನವರೆಗೆ ಮುಂಬಯಿಯ ಉಡುಪಿ ಹೋಟೆಲುಗಳನ್ನು ಒಬ್ಬರೇ ನಡೆಸುವುದುಂಟು. ಸಹೋದರರು ಪಾಲುದಾರರಾಗಿ ನಡೆಸುವುದೂ ಉಂಟು. ಆದಾಯ ತೆರಿಗೆ ಕಾನೂನಿನಲ್ಲಿ ಇವೆರಡಕ್ಕೂ ಬೇರೆ ಬೇರೆ ನಿಯಮಗಳಿವೆ.

ಒಬ್ಬರೇ ಮಾಲೀಕರಾಗಿದ್ದರೆ ಹೋಟೆಲಿನ ಲಾಭವು ಅವರ ಸ್ವಂತ ಆದಾಯಕ್ಕೆ ಸೇರುತ್ತದೆ. ಅವರದೇ ಪ್ಯಾನ್, ಒಂದೇ ರಿಟರ್ನ್ ಸಾಕು.

ಪಾಲುದಾರಿಕೆ ಸಂಸ್ಥೆಗಾದರೋ ಪ್ರತ್ಯೇಕ ಪ್ಯಾನ್ ಅಗತ್ಯ. ಅದರ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30ರ ದರದಲ್ಲಿ ತೆರಿಗೆ, ಅದರ ಮೇಲೆ ಸೆಸ್. ಪಾಲುದಾರರಿಗೆ ಹಂಚಿಕೆಯಾದ ಲಾಭಕ್ಕೆ ಪುನಃ ತೆರಿಗೆಯಿಲ್ಲ. ಆದರೆ ಸಂಸ್ಥೆಯು ಖರ್ಚೆಂದು ಕಳೆದ ಅವರ ಸಂಬಳ, ಬಡ್ಡಿಗಳನ್ನು ಅವರವರ ರಿಟರ್ನಿನಲ್ಲಿ ತೋರಿಸತಕ್ಕದ್ದು.

ನಷ್ಟವಾದ ವರ್ಷದಲ್ಲೂ ಸಂಸ್ಥೆಯು ರಿಟರ್ನ್ ಸಲ್ಲಿಸಲೇಬೇಕು. ಗಡುವಿನೊಳಗೆ ಸಲ್ಲಿಸಿದರೆ ಮಾತ್ರ ಆ ವ್ಯಾಪಾರ ನಷ್ಟವನ್ನು ಮುಂದಿನ 8 ವರ್ಷಗಳವರೆಗೆ ಲಾಭದಿಂದ ಕಳೆಯಲು ಅವಕಾಶವಿದೆ.