ಅಳಿಸಿದ ಪೋಸ್ಟ್ ಬೇರೆಡೆ ಉಳಿಯುವುದೇಕೆ?

ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಅಳಿಸಿದ ಪೋಸ್ಟ್ ಮತ್ತೊಂದು ಸರ್ವರ್‌ನಲ್ಲಿ ಇನ್ನೂ ಕಾಣುತ್ತಿದೆಯೆಂಬ ಕಳವಳ ನ್ಯಾಯವಾದದ್ದೇ. ಈ ಜಾಲಕ್ಕೆ ಒಂದೇ ಕೇಂದ್ರವಿಲ್ಲದ ಕಾರಣ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ, 2018ರಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸು ಪಡೆದ ಸಂವಹನ ನಿಯಮಾವಳಿಯ ಮೂಲಕ ಪೋಸ್ಟ್‌ಗಳನ್ನು ವಿನಿಮಯ ಮಾಡಿಕೊಂಡು, ತಮ್ಮಲ್ಲೇ ಒಂದೊಂದು ನಕಲನ್ನು ಇರಿಸಿಕೊಳ್ಳುತ್ತವೆ. ಬಳಕೆದಾರರು ಪೋಸ್ಟನ್ನು ಅಳಿಸಿದಾಗ ಮೂಲ ಸರ್ವರ್ ತನ್ನ ಪ್ರತಿಯನ್ನು ತೆಗೆದು, ತನಗೆ ತಿಳಿದಿರುವ ಇತರ ಸರ್ವರ್‌ಗಳಿಗೆ ‘ಡಿಲೀಟ್’ ಸಂದೇಶವನ್ನು ಕಳುಹಿಸುತ್ತದೆ. ಅದರೊಳಗಿನ ‘ಟೂಮ್‌ಸ್ಟೋನ್’ ಎಂಬುದು ಇಲ್ಲಿದ್ದ ಬರಹ ಈಗಿಲ್ಲವೆಂದು ಸೂಚಿಸುವ ಗುರುತು. ಸಂದೇಶ ತಲುಪುವ ಹೊತ್ತಿಗೆ ಸ್ಥಗಿತಗೊಂಡಿದ್ದ, ಸಂಪರ್ಕ ಕಡಿದುಕೊಂಡ ಅಥವಾ ಅದನ್ನು ಪಾಲಿಸದ ತಂತ್ರಾಂಶವುಳ್ಳ ಸರ್ವರ್‌ನಲ್ಲಿ ನಕಲು ಉಳಿದುಬಿಡಬಹುದು. ಅದನ್ನು ಬಲವಂತವಾಗಿ ತೆಗೆಸುವ ಅಧಿಕಾರ ಮೂಲ ಸರ್ವರ್‌ಗಿಲ್ಲ. ಆದ್ದರಿಂದ ಆ ಸರ್ವರ್‌ನ ನಿರ್ವಾಹಕರಿಗೆ ಪೋಸ್ಟ್‌ನ ಕೊಂಡಿಸಹಿತ ಮನವಿ ಸಲ್ಲಿಸುವುದು ಸೂಕ್ತ. ಪಾಸ್‌ವರ್ಡ್‌ನಂಥದ್ದು ಬಯಲಾಗಿದ್ದರೆ ಉತ್ತರಕ್ಕೆ ಕಾಯದೆ ಅದನ್ನು ಕೂಡಲೇ ಬದಲಿಸಬೇಕು.