ಇಂದಿನ ಧಮ್ಮ ಚಿಂತನೆ: ಡಿಂಗನ ಕಿವಿ





ಹೋದ ಭಾನುವಾರದ ಓದಿನಲ್ಲಿ ಜಮಖಂಡಿಯ ತರುಣ ಸದಸ್ಯರೊಬ್ಬರು ಒಂದು ಮಾತು ಆಡಿದರು. "ಎಷ್ಟ ಓದಿದ್ರೂ ಏನೂ ಆಗಂಗಿಲ್ರಿ ಸರ್. ನಮ್ಮ ಮಂದಿಗೆ ಇನ್ನೊಬ್ರು ಬಾಬಾಸಾಹೇಬ್ರು ಹುಟ್ಟಿ ಬರಬೇಕ್ರಿ." ಯಾರೂ ಎದುರಾಡಲಿಲ್ಲ. ಅರ್ಧಕ್ಕರ್ಧ ಮಂದಿ ತಲೆದೂಗಿದರು. ಆ ತಲೆದೂಗಿದ್ದರ ಬಗ್ಗೆಯೇ ಇಂದಿನ ಚಿಂತನೆ. ಅಲ್ಲಿಗೆ ಹೋಗಲು ನಾನು ಒಂದು ಇಲಿಯ ದಾರಿ ಹಿಡಿಯುತ್ತೇನೆ, ನಗಬೇಡಿ.

ನಿಮ್ಮಲ್ಲಿ ಮೂವತ್ತು ದಾಟಿದ ಬಹಳಷ್ಟು ಮಂದಿಗೆ ಡಿಂಗ ಗೊತ್ತು. ಬಾಲಮಂಗಳದ ಡಿಂಗ. ಮಲಯಾಳದಲ್ಲಿ ಅವನ ಹೆಸರು ಡಿಂಕನ್. 1983ರಲ್ಲಿ ಎನ್. ಸೋಮಶೇಖರನ್ ಕತೆ ಬರೆದು, ಬೇಬಿ ಎಂಬ ಕಲಾವಿದರು ಚಿತ್ರ ಬಿಡಿಸಿ ಹುಟ್ಟಿಸಿದ ಪಾತ್ರ. ಅಲ್ಲಿಂದ ಕನ್ನಡಕ್ಕೆ ಬಂದು ನಮ್ಮವನೇ ಆಗಿಬಿಟ್ಟ. ಪಂಕಿಲ ಕಾಡಿನ ಒಂದು ಸಾಮಾನ್ಯ ಇಲಿ; ಬೇರೆ ಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದ ಮೇಲೆ ಅದಕ್ಕೆ ಹಾರುವ ಶಕ್ತಿ, ಎಂಥವರನ್ನೂ ಬಗ್ಗುಬಡಿಯುವ ಬಲ ಬಂತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಒಂದೇ ಬಾಲಮಂಗಳ ಹತ್ತು ಮನೆ ತಿರುಗುತ್ತಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಮುಖಪುಟ ಹರಿದಿರುತ್ತಿತ್ತು, ಒಮ್ಮೊಮ್ಮೆ ಕೊನೆಯ ಪುಟವೂ ಇರುತ್ತಿರಲಿಲ್ಲ. ಅದರಿಂದ ತೊಂದರೆ ಏನೂ ಆಗಲಿಲ್ಲ. ಕೊನೆಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತಲ್ಲ!

ಹಾಗಾದರೆ ಅವನಲ್ಲಿ ಅಷ್ಟು ಹಿಡಿಸಿದ್ದೇನು? ಬಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಲವೇ ಬೇಕಿದ್ದರೆ ಗರಡಿಮನೆಯ ಪೈಲ್ವಾನರಿದ್ದರು, ಸಿನಿಮಾದಲ್ಲಿ ಹೊಡೆದಾಡುವವರಿದ್ದರು. ನಾವು ಕಾಯುತ್ತಿದ್ದ ಚಿತ್ರ ಬೇರೆ. ಮೊಲವೋ ಜಿಂಕೆಯೋ ಸಿಕ್ಕಿಬಿದ್ದು ಡಿಂಗನ ಹೆಸರು ಹಿಡಿದು ಕೂಗುತ್ತದೆ. ಎಲ್ಲೋ ದೂರದಲ್ಲಿದ್ದ ಡಿಂಗನ ಕಿವಿಗೆ ಅದು ಬೀಳುತ್ತದೆ. ಅಷ್ಟೇ. ಹೊಡೆತ ಬಡಿತ ಆಮೇಲಿನದು. ಮಗ್ಗದ ಊರಿನ ಹುಡುಗರಿಗೆ ಈ ಚಿತ್ರ ಎಷ್ಟು ದೊಡ್ಡದು ಎಂದು ರಬಕವಿ-ಬನಹಟ್ಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪವರ್‌ಲೂಮ್ ಓಡುತ್ತಿರುವಾಗ ಪಕ್ಕದಲ್ಲೇ ನಿಂತ ಅಪ್ಪನಿಗೆ ಏನಾದರೂ ಹೇಳಬೇಕೆಂದರೆ ಕಿವಿಗೆ ಬಾಯಿ ಹಚ್ಚಿ ಒದರಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಅಂಥ ಕಡೆ ಬೆಳೆದವರಿಗೆ, ದೂರದ ಸಣ್ಣ ಪ್ರಾಣಿಯ ದನಿಯೂ ಕೇಳಿಸುವ ಒಬ್ಬನಿದ್ದಾನೆ ಎನ್ನುವುದೇ ಪವಾಡ. ಅದೂ ಹುಲಿಯಲ್ಲ, ಸಿಂಹವಲ್ಲ. ಬೋನಿಟ್ಟು ಹಿಡಿದು ಹೊರಗೆ ಒಗೆಯುವ ಇಲಿ. ನಮ್ಮಂಥವರ ಓಣಿಯ ಮಕ್ಕಳು ಅವನನ್ನು ತಮ್ಮವನೆಂದು ಅಪ್ಪಿಕೊಂಡದ್ದು ಸುಮ್ಮನೆ ಅಲ್ಲ.

ಈ ಹಂಬಲ ಬಾಲಮಂಗಳಕ್ಕಿಂತ ಬಹಳ ಹಳೆಯದು. ಮಹಾಯಾನದ ಅವಲೋಕಿತೇಶ್ವರನನ್ನು ನೆನೆಯಿರಿ. ಚೀನಾದಲ್ಲಿ ಆ ಬೋಧಿಸತ್ವನಿಗೆ ಗುವಾನ್‌ಯಿನ್ ಎನ್ನುತ್ತಾರೆ, ದನಿಗಳನ್ನು ಗಮನಿಸುವವರು ಎಂದರ್ಥ. ನೆರೆ, ಬೆಂಕಿ, ಕಳ್ಳರು, ಸೆರೆಮನೆ, ಯಾವುದರಲ್ಲಿ ಸಿಕ್ಕಿಕೊಂಡವರೇ ಆಗಲಿ, ಕರೆದರೆ ಕೇಳಿಸಿಕೊಳ್ಳುತ್ತಾರೆ ಎಂಬ ನಂಬಿಕೆ. ಇದು ಪರದೇಶದ ಮಾತೇನಲ್ಲ. ಮಂಗಳೂರಿನ ಕದ್ರಿಯಲ್ಲಿ ಇಂದಿಗೂ ಇರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಅಲ್ಲಿನ ವಿಹಾರದಲ್ಲಿ ಸ್ಥಾಪಿಸಿದ್ದು ಅದರ ಪೀಠದ ಶಾಸನದಲ್ಲಿದೆ. ಸಾವಿರ ವರ್ಷದ ಹಿಂದೆಯೂ ಕನ್ನಡ ನೆಲದ ಮನುಷ್ಯರಿಗೆ ತಮ್ಮ ಕೂಗು ಕೇಳುವವರೊಬ್ಬರು ಬೇಕಾಗಿದ್ದರು. ಹಾಗಾಗಿ ಆ ತರುಣ ಸದಸ್ಯರ ಮಾತನ್ನು ಹುಡುಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ಪಂಕಿಲ ಕಾಡನ್ನೇ ಇನ್ನೊಮ್ಮೆ ನೋಡೋಣ. ಎಷ್ಟೋ ವರ್ಷ, ಎಷ್ಟೋ ಸಂಚಿಕೆ. ಒಬ್ಬ ದುಷ್ಟ ಹೋದರೆ ಇನ್ನೊಬ್ಬ ಬರುತ್ತಾನೆ, ಮತ್ತೆ ಅದೇ ಕೂಗು. ಅಷ್ಟು ಕಾಲವಾದರೂ ಪ್ರಾಣಿಗಳು ಕೂಡಿ ಒಂದು ಕಾವಲು ಸಮಿತಿ ಕೂಡ ಮಾಡಿಕೊಳ್ಳಲಿಲ್ಲ. (ಮಾಡಿಕೊಂಡಿದ್ದರೆ ಡಿಂಗನ ಕತೆಯೇ ನಿಂತುಹೋಗುತ್ತಿತ್ತು, ಅದು ಬೇರೆ ಮಾತು. ಕೇರಳದ ವಿಚಾರವಾದಿ ಹುಡುಗರು ಡಿಂಕನನ್ನೇ ದೇವರು ಮಾಡಿ ಒಂದು ಅಣಕು ಮತ ಹುಟ್ಟಿಸಿದ್ದಾರೆ. ತಮಾಷೆಗೆ ಮಾಡಿದ್ದಾದರೂ, ಕಾಪಾಡುವವನಿಂದ ದೇವರಿಗೆ ಎಷ್ಟು ಹತ್ತಿರದ ದಾರಿ ಎಂದು ಅವರು ಸರಿಯಾಗಿಯೇ ಗುರುತಿಸಿದ್ದಾರೆ.)

ಇದರ ಪಕ್ಕದಲ್ಲಿ ನಿಗ್ರೋಧಮಿಗ ಜಾತಕ ಇಟ್ಟು ನೋಡಿ. ಅಲ್ಲೂ ಕಾಡು, ಪ್ರಾಣಿಗಳು, ಕೂಗು. ವಾರಾಣಸಿಯ ಅರಸನ ಅಡುಗೆಗೆ ದಿನಕ್ಕೊಂದು ಜಿಂಕೆ ಪಾಳಿಯ ಮೇಲೆ ಹೋಗಬೇಕು. ಸಾಖ ಎಂಬ ಜಿಂಕೆಯ ಹಿಂಡಿನಲ್ಲಿ ಒಂದು ಬಸುರಿ ಹೆಣ್ಣುಜಿಂಕೆಯ ಪಾಳಿ ಬರುತ್ತದೆ. ಮರಿ ಹಾಕಿದ ಮೇಲೆ ಹೋಗುತ್ತೇನೆ ಎಂದರೆ ಸಾಖ ಒಪ್ಪುವುದಿಲ್ಲ. ಅದು ಇನ್ನೊಂದು ಹಿಂಡಿನ ನಾಯಕ ನಿಗ್ರೋಧನ ಹತ್ತಿರ ಬರುತ್ತದೆ. ನಿಗ್ರೋಧನಿಗೆ ಹಾರಲು ಬರುವುದಿಲ್ಲ, ಅರಸನ ಮುಂದೆ ಅವನ ಕೋಡು ನಡೆಯುವುದೂ ಇಲ್ಲ. ಸುಮ್ಮನೆ ಹೋಗಿ ಕೊಲ್ಲುವ ಕಟ್ಟೆಯ ಮೇಲೆ ತನ್ನ ಕತ್ತು ಇಡುತ್ತಾನೆ. ಅರಸ ಬೆರಗಾಗಿ, ನಿನಗೂ ಅವಳಿಗೂ ಅಭಯ ಎನ್ನುತ್ತಾನೆ. ಡಿಂಗನ ಕತೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ನಿಗ್ರೋಧ ಮುಂದಿನ ಪ್ರಶ್ನೆ ಕೇಳುತ್ತಾನೆ: ಉಳಿದ ಜಿಂಕೆಗಳು? ಅವಕ್ಕೂ ಅಭಯ ಸಿಗುತ್ತದೆ. ಬೇರೆ ಪ್ರಾಣಿಗಳು? ಹಕ್ಕಿಗಳು? ಮೀನುಗಳು? ಹೀಗೆ ಕೇಳುತ್ತಲೇ ಹೋಗಿ ಆ ಪಾಳಿಯ ಪದ್ಧತಿಯನ್ನೇ ಕೊನೆಗಾಣಿಸುತ್ತಾನೆ. ಕತೆ ಆಮೇಲೂ ಇದೆ. ಭಯ ಹೋದ ಜಿಂಕೆಗಳು ರೈತರ ಬೆಳೆಗೆ ನುಗ್ಗುತ್ತವೆ. ಆಗ ನಿಗ್ರೋಧ ಅವನ್ನು ಕರೆದು, ಇನ್ನು ಮುಂದೆ ಬೆಳೆ ಮುಟ್ಟಬಾರದು ಎಂದು ಕಲಿಸುತ್ತಾನೆ. ಕಾಪಾಡಿಸಿಕೊಂಡವರಿಗೂ ಅಲ್ಲಿ ಮಾಡಲು ಕೆಲಸ ಇದೆ.

ಬಾಬಾಸಾಹೇಬರು ಬುದ್ಧನನ್ನು ಮೋಕ್ಷದಾತ ಎನ್ನದೆ ಮಾರ್ಗದಾತ ಎಂದದ್ದನ್ನು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಓದಿದ್ದೇವೆ. 18 ಜನವರಿ 1943ರಂದು ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುವಾಗ ಅವರು ವೀರಪೂಜೆಯಲ್ಲಿ ಎರಡು ಬಗೆ ಇವೆ ಎಂದಿದ್ದರು. ದೊಡ್ಡವರನ್ನು ಮನಸಾರೆ ಮೆಚ್ಚುವುದು ಒಂದು, ಅವರ ಮಾತಿಗೆ ನಮ್ಮ ಬುದ್ಧಿಯನ್ನೇ ಒಪ್ಪಿಸಿಬಿಡುವುದು ಇನ್ನೊಂದು. 25 ನವೆಂಬರ್ 1949ರಂದು ಸಂವಿಧಾನ ಸಭೆಯಲ್ಲೂ ರಾಜಕೀಯದ ಭಕ್ತಿ ಎಲ್ಲಿಗೆ ಒಯ್ಯುತ್ತದೆಂದು ಎಚ್ಚರಿಸಿದರು. ಅಂಥವರನ್ನೇ ನಾವು ಬೆನ್ನಿಗೆ ಬಟ್ಟೆ ಕಟ್ಟಿ ಹಾರಿ ಬರುವವರನ್ನಾಗಿ ಮಾಡಿ, ಅಂಗಳದಲ್ಲಿ ಕೂತು ಆಕಾಶ ನೋಡಿದರೆ ಹೇಗೆ?

ನಮ್ಮ ಸುತ್ತಲೇ ನೋಡಿ. ಜಮಖಂಡಿ ಸೀಮೆಯ ರೈತರು 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ತಮ್ಮದೇ ವಂತಿಗೆ, ತಮ್ಮದೇ ದುಡಿಮೆಯಿಂದ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಎಂದೇ ಹೆಸರಾಗಿ 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೂ ಹೋದರು. ಅವರ ಮುಂದಾಳ್ತನ ದೊಡ್ಡದು, ಅನುಮಾನವಿಲ್ಲ. ಆದರೂ ಕಲ್ಲು ಹೊತ್ತವರ ಹೆಸರು ನಮ್ಮ ನಾಲಿಗೆಗೆ ಬರುವುದಿಲ್ಲ. ನಾಯಕನ ಸೆಳೆತವೇ ಹಾಗೆ, ಸಾವಿರ ಕೈಗಳನ್ನು ಒಂದೇ ಹೆಸರಿನಲ್ಲಿ ಮುಚ್ಚಿಡುತ್ತದೆ. (ಆ ನೀರು ಹೊಲ ಇದ್ದವರ ಹೊಲಕ್ಕೆ ಹೋಯಿತು, ಹೊಲವೇ ಇಲ್ಲದವರ ಪ್ರಶ್ನೆ ಉಳಿದೇ ಇದೆ. ನಿಗ್ರೋಧನಾಗಿದ್ದರೆ ಅದನ್ನೂ ಕೇಳುತ್ತಿದ್ದ.)

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ಹಳ್ಳಿಗಳು ನೀರಿನಲ್ಲಿ ನಿಂತಾಗ ನಮ್ಮ ಬಳಗದ ಮುಧೋಳದ ತಾಯಂದಿರು ರಾತ್ರಿಯೆಲ್ಲ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ಗಂಜಿ ಕೇಂದ್ರಕ್ಕೆ ಕಳಿಸಿದರು. ಅವರನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಆದರೂ ಅವರಿಗೆ ಕೇಳಿಸಿತ್ತು. ಭಾನುವಾರದ ಆ ಮಾತಿಗೆ ನನ್ನ ಹತ್ತಿರ ಇರುವ ಉತ್ತರ ಈ ರೊಟ್ಟಿಯಷ್ಟೇ. ತರುಣ ಮಿತ್ರರಿಗೆ ಸಾಲದೆನಿಸಿದರೆ ಜಗಳಾಡಲಿ, ಓದು ಇರುವುದೇ ಅದಕ್ಕೆ.

ಈ ಸಲದ ಓದು ಬೀಳಗಿಯಲ್ಲಿ, ಬೆಳಿಗ್ಗೆ 10 ಗಂಟೆಗೆ. ನಿಗ್ರೋಧಮಿಗ ಜಾತಕ ಓದಿಕೊಂಡು ಬನ್ನಿ, ಮಕ್ಕಳನ್ನೂ ಕರೆತನ್ನಿ. ಮನೆಯ ಅಟ್ಟದಲ್ಲಿ ಹಳೆಯ ಬಾಲಮಂಗಳ ಇದ್ದರೆ ತನ್ನಿ, ಮುಖಪುಟ ಹರಿದಿದ್ದರೂ ನಡೆಯುತ್ತದೆ. ಮಕ್ಕಳ ಮುಂದೆ ಇಡಬೇಕೆಂದಿರುವ ಪ್ರಶ್ನೆ ಸಾಖನದು. ಅವನೇನು ದುಷ್ಟನಲ್ಲ, ಪಾಳಿ ಎಂದರೆ ಪಾಳಿ, ಎಲ್ಲರಿಗೂ ಒಂದೇ ನಿಯಮ ಎಂದ. ಆ ಬಸುರಿ ಜಿಂಕೆಯ ಮಾತು ಅವನಿಗೆ ಕೇಳಿಸಲಿಲ್ಲವೇ, ಅಥವಾ ಕೇಳಿಸಿಯೂ ಹಾಗೆ ಹೇಳಿದನೇ?